ವಾಲ್ವಿನ ಬುಡದ ಚುಕ್ಕೆ

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡೇ ನಾನು ಮುದುಕನಾದೆ. ಹೋದ ವರ್ಷ ಅಂಗಡಿ ಮುಚ್ಚಿದೆ. ಕಣ್ಣು ಮಂಜಾಯಿತು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಕಣ್ಣಿಗೆ ಏನೂ ಆಗಿಲ್ಲ, ಸೂಜಿಗೆ ದಾರ ಈಗಲೂ ನಾನೇ ಪೋಣಿಸುತ್ತೇನೆ. ಮುಚ್ಚಿದ ಕಾರಣ ಬೇರೆ. ಅದನ್ನು ಬರೆಯುವುದಕ್ಕೇ ಈಗ ಕೂತಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇತ್ತೀಚೆಗೆ ಹಳೇ ವಾಲ್ವುಗಳ ಹುಚ್ಚು ಹಿಡಿದಿದೆ. ಗಾಜಿನ ಬುರುಡೆಯೊಳಗೆ ಕೆಂಪಗೆ ಉರಿಯುವುದನ್ನು ಕಂಡರೆ ಸಾಕು, ನನಗೆ ಫೋನ್ ಮಾಡುತ್ತಾರೆ. "ಸಾರ್, ಮುಂದೆ ವಾಲ್ವಿನ ಪ್ರೀ-ಆಂಪ್ ಇಟ್ಟು ಹಿಂದೆ ಟ್ರಾನ್ಸಿಸ್ಟರಿನ ಪವರ್ ಆಂಪ್ ಹಾಕ್ಬೋದಾ?" ಹಾಕಬಹುದು. ಪ್ರೀ-ಆಂಪ್ ಎನ್ನುವುದು ಸಣ್ಣ ದನಿಯನ್ನು ತಿದ್ದಿ ತೀಡಿ ಕೊಡುತ್ತದೆ, ಪವರ್ ಆಂಪ್ ಅದನ್ನು ಸ್ಪೀಕರಿನ ತನಕ ತಳ್ಳುತ್ತದೆ. ವಾಲ್ವಿಗೆ ಇಂಪು ಗೊತ್ತು, ಟ್ರಾನ್ಸಿಸ್ಟರಿಗೆ ರಟ್ಟೆಯ ಬಲವಿದೆ. ಎರಡನ್ನೂ ಒಂದು ನೊಗಕ್ಕೆ ಕಟ್ಟುವುದು ಜಾಣತನವೇ. ಆದರೆ ಈ ಜೋಡಿಯ ದೆಸೆಯಿಂದ ನಾನು ಒಬ್ಬ ಮನುಷ್ಯನ ಹೆಸರು ಕೆಡಿಸಿದೆ. ಜೋಡಿಸುವುದನ್ನು ಹೇಳಿಕೊಟ್ಟು ಅದನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ.

ನನ್ನನ್ನು ಈ ಕಡೆಯವರು ಕರೆಯುವುದು ಅನುಮಾನದ ರುದ್ರಯ್ಯ ಎಂದು. ಆ ಹೆಸರಿನ ಮೂಲ ಕೊರಟಗೆರೆಯಲ್ಲಿದೆ. ನನಗೆ ಕೆಲಸ ಕಲಿಸಿದ ಪುಟ್ಟಾಚಾರ್ ಅಲ್ಲಿಯವರು. ಮೊದಲ ದಿನವೇ ನನ್ನ ಮುಂದೆ ಒಂದು ಗಾಜಿನ ಫ್ಯೂಸ್ ಇಟ್ಟು, "ನೋಡ್ಲಾ, ಹೆಂಗೈತೆ" ಎಂದರು. ಒಳಗಿನ ತಂತಿ ನೆಟ್ಟಗೆ ಕಾಣುತ್ತಿತ್ತು. ಚೆನ್ನಾಗಿದೆ ಎಂದೆ. ಮೀಟರ್ ಇಟ್ಟು ತೋರಿಸಿದರು, ಮುಳ್ಳು ಅಲುಗಲಿಲ್ಲ. ತಂತಿ ತುದಿಯ ತಗಡಿನ ಮುಚ್ಚಳದ ಒಳಗಡೆ ಕಿತ್ತಿತ್ತು.

"ಕಣ್ಣಿಗೆ ಕಂಡ ಫ್ಯೂಸನ್ನೇ ನಂಬಂಗಿಲ್ಲ. ಇನ್ನು ಅದ ತಂದೋನ್ನ ನಂಬ್ತೀಯೇನ್ಲಾ?" ಎಂದರು.

ಆವತ್ತಿನಿಂದ ನಾನು ಯಾರನ್ನೂ ನಂಬಲಿಲ್ಲ. ಸೆಟ್ಟು ಬಿದ್ದೇ ಇಲ್ಲ ಎನ್ನುವ ಗಿರಾಕಿ ಬೀಳಿಸಿಯೇ ಇರುತ್ತಾನೆ. ಅಸಲಿ ಎನ್ನುವ ಅಂಗಡಿಯವನು ನಕಲಿಯನ್ನೇ ಕೊಡುತ್ತಾನೆ. ಹಾಗೆ ನಂಬಿಕೊಂಡೇ ಕೆಲಸ ಮಾಡಿದೆ, ಬಹಳ ಸಲ ಅದು ನಿಜವೂ ಆಯಿತು. ಅದೇ ತೊಂದರೆ ಆದದ್ದು.

ಗಿರಾಕಿಗಳೇನು ಕಮ್ಮಿಯವರಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮನೆಯಿಂದ ಯಾವ ವಸ್ತು ರಿಪೇರಿಗೆ ಹೋದರೂ ಗುರುತು ಹಾಕದೆ ಹೋಗುವುದಿಲ್ಲ. ಫ್ಯಾನಿನ ಮೇಲೆ ಮೊಳೆಯಲ್ಲಿ ಗೀಚುತ್ತಾರೆ, ಮಿಕ್ಸಿಗೆ ದಾರ ಕಟ್ಟುತ್ತಾರೆ. ಒಳಗಿನ ಒಳ್ಳೇ ಸಾಮಾನು ತೆಗೆದುಕೊಂಡು ಕೆಟ್ಟದ್ದು ಹಾಕಿಬಿಡುತ್ತಾರೆ ಎನ್ನುವ ಭಯ. ಮದಲೂರಿನ ಒಬ್ಬ ಯಜಮಾನ ತನ್ನ ತಲೆಯ ಒಂದು ಕೂದಲನ್ನು ರೇಡಿಯೊದ ಒಳಗೆ ಅಡ್ಡಲಾಗಿ ಇಟ್ಟು ಮುಚ್ಚಿ ತಂದಿದ್ದ. ರಿಪೇರಿ ಆದ ಮೇಲೆ ಅಂಗಡಿಯಲ್ಲೇ ಬಿಚ್ಚಿಸಿ ನೋಡಿದ.

"ನನ್ ಕೂದ್ಲೆಲ್ಲಿ?"

"ಬಿಚ್ಚದೆ ರಿಪೇರಿ ಹೆಂಗ್ ಮಾಡ್ಲಿ ಯಜಮಾನ? ಬಿಚ್ಚಿದ್ರೆ ಕೂದ್ಲು ಹೆಂಗ್ ನಿಂತಾತು?"

ಅವನು ರೇಡಿಯೊದೊಳಗೆ ಇನ್ನೊಂದು ಸಲ ಇಣುಕಿ, "ಅಂಗಾರೆ ನೀನು ಬಿಚ್ಚಿದ್ದು ನಿಜ" ಎಂದು ಹೇಳಿ ರೇಡಿಯೊ ಎತ್ತಿಕೊಂಡು ಹೋದ. ನಾನು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಜಾತಿಯವನೇ ಎಂದು ಒಳಗೊಳಗೇ ಮೆಚ್ಚಿಕೊಂಡೆ.

ವಾಲ್ವ್ ಮತ್ತು ಟ್ರಾನ್ಸಿಸ್ಟರಿನ ಜೋಡಿಯಲ್ಲಿ ನಾನು ಮೊದಲು ಏಟು ತಿಂದದ್ದು ಬರಗೂರಿನ ನಾಟಕದವರ ಮೈಕ್‌ಸೆಟ್ಟಿನಲ್ಲಿ. ಅವರ ಹಳೇ ವಾಲ್ವಿನ ಪ್ರೀ-ಆಂಪಿಗೆ ನಾನು ಕಟ್ಟಿದ ಟ್ರಾನ್ಸಿಸ್ಟರ್ ಪವರ್ ಆಂಪ್ ಜೋಡಿಸಿ, ಸುಲಭವಾಗಲಿ ಎಂದು ಎರಡಕ್ಕೂ ಒಂದೇ ಸ್ವಿಚ್ ಇಟ್ಟುಕೊಟ್ಟೆ. ಒತ್ತಿದ ಕೂಡಲೇ ಧಡ್ ಎನ್ನುವುದು. ಒಂದು ವಾರದಲ್ಲಿ ಎರಡು ಸ್ಪೀಕರುಗಳ ಕಾಗದ ಹರಿಯಿತು. ಸ್ಪೀಕರ್ ಮಾರಿದವನನ್ನು ಬಾಯಿಗೆ ಬಂದಂತೆ ಬೈದೆ. ತಪ್ಪು ಅವನದಲ್ಲ. ವಾಲ್ವು ಕಾದು ಬಿಸಿಯಾಗಲು ಅರ್ಧ ನಿಮಿಷ ಬೇಕು, ಕಾಯುವಷ್ಟು ಹೊತ್ತು ಅದರ ವೋಲ್ಟೇಜು ಏರಿಳಿಯುತ್ತದೆ. ಟ್ರಾನ್ಸಿಸ್ಟರಿಗೆ ಆ ತಾಳ್ಮೆ ಇಲ್ಲ, ಒತ್ತಿದ ಕ್ಷಣವೇ ಎಚ್ಚರವಾಗಿ ಆ ಏರಿಳಿತವನ್ನೆಲ್ಲ ಎತ್ತಿ ಸ್ಪೀಕರಿಗೆ ಹೊಡೆಯುತ್ತದೆ. ಹಾಗಾಗಿ ಹಾಕುವಾಗ ಮೊದಲು ವಾಲ್ವು, ಅದು ಕಾದ ಮೇಲೆ ಪವರ್ ಆಂಪ್. ಆರಿಸುವಾಗ ಮೊದಲು ಪವರ್ ಆಂಪ್. ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಸ್ಪೀಕರ್ ಮಾರಿದವನಿಗೆ ನಾನು ತಪ್ಪಾಯಿತು ಎಂದು ಹೇಳಲೇ ಇಲ್ಲ. ಅವನೂ ಇನ್ನೆಲ್ಲೋ ಮೋಸ ಮಾಡಿರುತ್ತಾನೆ, ಇಲ್ಲಿಗೆ ಅಲ್ಲಿಗೆ ಸರಿಹೋಯಿತು ಎಂದುಕೊಂಡೆ. ಎಂಥ ಮನುಷ್ಯ ನಾನು ಅಂತ ಇದರಲ್ಲೇ ನಿಮಗೆ ಗೊತ್ತಾಗಬೇಕು.

ಈಗ ನಾಗಿರೆಡ್ಡಿಯ ವಿಷಯಕ್ಕೆ ಬರುತ್ತೇನೆ. ಪಾವಗಡದ ಆಚೆ ತಿರುಮಣಿಯವನು. ಅವನ ಹೊಲವೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. "ಭೂಮಿ ಬಿಸಿಲು ಕಾಯ್ತಾ ಐತೆ, ನಾನು ಪಾಟ ಕೇಳ್ತಾ ಇದೀನಿ" ಎನ್ನುತ್ತಿದ್ದ. ಪಾಟ ಎಂದರೆ ತೆಲುಗಿನಲ್ಲಿ ಹಾಡು. ವಯಸ್ಸಿನಲ್ಲಿ ಭಜನೆ ಮೇಳದಲ್ಲಿ ಮೃದಂಗ ಬಾರಿಸಿದವನು. ಹಳೇ ತೆಲುಗು ನಾಟಕದ ಪದ್ಯಗಳ ರೆಕಾರ್ಡುಗಳನ್ನು ಟ್ರಂಕಿನ ತುಂಬ ಇಟ್ಟುಕೊಂಡಿದ್ದ. ಬೆಂಗಳೂರಿನಲ್ಲಿ ಯಾರದೋ ಮನೆಯಲ್ಲಿ ಒಂದು ವಾಲ್ವಿನ ಪ್ರೀ-ಆಂಪ್ ಕೇಳಿ, ಅಲ್ಲೇ ಮನಸ್ಸು ಕೊಟ್ಟು, ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಊರಲ್ಲಿ ಕರೆಂಟಿಗೆ ಹಚ್ಚಿದ ದಿನವೇ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟು ವಾಸನೆ ಬಂತು. ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. ಹೆಂಡತಿ ಲಕ್ಷ್ಮೀದೇವಮ್ಮ ಬಾಗಿಲಲ್ಲೇ ನಿಂತು ನನ್ನ ಅಂಗಡಿಯ ಮೂಲೆ ಮೂಲೆ ನೋಡಿದಳು.

ಪೆಟ್ಟಿಗೆ ಬಿಚ್ಚಿದೆ. ವಾಲ್ವುಗಳನ್ನು ಕಿತ್ತು, ಎಂದಿನಂತೆ ಹತ್ತಿಗೆ ಥಿನ್ನರ್ ಅದ್ದಿ ಬುಡವನ್ನೂ ಪಿನ್ನುಗಳನ್ನೂ ಒರೆಸಿದೆ. ಪಿನ್ನಿನಲ್ಲಿ ಜಿಡ್ಡಿದ್ದರೆ ಕರಕರ ಶಬ್ದ ಬರುತ್ತದೆ. ಮೈಯನ್ನು ಒರೆಸಬಾರದು, ಒರೆಸಿದರೆ ಗಾಜಿನ ಮೇಲಿನ ನಂಬರು ಅಳಿಸಿಹೋಗುತ್ತದೆ. ಮೊದಲಿದ್ದ ಜಾಗದಲ್ಲೇ ಮತ್ತೆ ಕೂರಿಸಿ, ಪೂರಾ ಸೆಟ್ಟನ್ನೇ ಗೋಣಿಯಲ್ಲಿ ಸುತ್ತಿ ಶಿರಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಟ್ರಾನ್ಸ್‌ಫಾರ್ಮರ್ ಸುತ್ತುವ ಕೆಲಸ ಬಂದರೆ ಶಿರಾದ ಖಲೀಲನಿಗೆ ಕಳಿಸುವುದು, ಅವನು ಸುತ್ತಿ ಅದೇ ಬಸ್ಸಿಗೆ ವಾಪಸ್ಸು ಹಾಕುವುದು. ಇದು ನಮ್ಮಲ್ಲಿ ಬಹಳ ವರ್ಷದ ಪದ್ಧತಿ.

ಖಲೀಲನ ಕೆಲಸ ಎಂಥದ್ದು ಎಂಬುದನ್ನು ನೀವು ತಿಳಿಯಬೇಕು. ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಮೇಲೆ ಕಾಗದ ಹಾಕಿ, ವಾರ್ನಿಷಿನಲ್ಲಿ ಅದ್ದಿದರೆ ಮುಗಿಯಿತು. ಒಳಗೆ ಸುತ್ತಿದ್ದು ತಾಮ್ರವೋ ಅಲ್ಯುಮಿನಿಯಮ್ಮೋ, ಸುತ್ತು ಪೂರ್ತಿ ಇದೆಯೋ ಇಲ್ಲವೋ, ಬಿಚ್ಚಿ ಹಾಳು ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಕೆಲಸದವನಿಗೆ ಹೆಸರೇ ಬಂಡವಾಳ. ಹೆಸರು ಹೋದರೆ ಅವನ ಮಿಷನ್ನು ಕಬ್ಬಿಣದ ತುಂಡು.

ಅವನ ಕೆಲಸದಲ್ಲಿ ನನಗೆ ಒಂದು ದಿನವೂ ಕೊರತೆ ಕಂಡಿರಲಿಲ್ಲ. ಆದರೂ ಅವನಿಂದ ಬಂದ ಪ್ರತಿಯೊಂದು ಟ್ರಾನ್ಸ್‌ಫಾರ್ಮರನ್ನೂ ನಾನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡುತ್ತಿದ್ದೆ, ತಾಮ್ರ ಕಮ್ಮಿ ಹಾಕಿದ್ದಾನೆಯೇ ಎಂದು. ಒಂದು ಸಲವೂ ಕಮ್ಮಿ ಬರಲಿಲ್ಲ. ಕಮ್ಮಿ ಬರದೇ ಇದ್ದದ್ದೇ ನನಗೆ ಅನುಮಾನ. ಖಲೀಲ್ ಹಳೇ ವಾಲ್ವುಗಳನ್ನೂ ಹುಡುಕಿ ತಂದು ಮಾರುತ್ತಿದ್ದ. ಆ ವ್ಯಾಪಾರದ ಮೇಲೆ ನನ್ನ ಕಣ್ಣು ಮೊದಲಿನಿಂದಲೂ ಇತ್ತು.

ಸೆಟ್ಟು ವಾಪಸ್ಸು ಬಂತು. ಗುಂಯ್ ಎನ್ನುವ ಶಬ್ದವೂ ಇಲ್ಲ, ಬಿಸಿಯೂ ಇಲ್ಲ. ನಾಗಿರೆಡ್ಡಿಯ ಮನೆಯಲ್ಲಿ ಮೊದಲಿನಿಂದ ನಾನೇ ಕಟ್ಟಿಕೊಟ್ಟಿದ್ದ ಟ್ರಾನ್ಸಿಸ್ಟರ್ ಪವರ್ ಆಂಪ್ ಇತ್ತು. ಅದನ್ನೂ ತರಿಸಿ, ಎರಡನ್ನೂ ಜೋಡಿಸಿ, ಅವನನ್ನೂ ಹೆಂಡತಿಯನ್ನೂ ಕೂರಿಸಿ ರೆಕಾರ್ಡು ಹಾಕಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ.

"ಸಾಮೀ, ಎಡಗೈ ಏಡ ಪೋಯಿಂದಿ?"

"ಎಲ್ಲೋಯ್ತು ಅಂದ್ರೆ? ಯಾರ ಎಡಗೈ?"

"ಮೃದಂಗದ್ದು. ಬಲಗೈ ಟಕಟಕ ಅಂತೈತೆ, ಎಡಗೈ ಲೇನೇ ಲೇದು, ಇಲ್ವೇ ಇಲ್ಲ. ಬೆಂಗ್ಳೂರಲ್ಲಿ ಕೇಳ್ದಾಗ ಎದೆಗೆ ಬಡೀತಿತ್ತು. ಇದು ಅದಲ್ಲ ಸಾಮಿ. ಇದು ಡಬ್ಬ."

ನನಗೂ ಕೇಳಿಸಿತು. ತಗ್ಗಿನ ದನಿಯೆಲ್ಲ ಸೋರಿಹೋದಂತೆ ತೆಳ್ಳಗಿತ್ತು. ನಾನು ಬಾಯಿ ಬಿಡುವುದಕ್ಕೆ ಮುಂಚೆ ಲಕ್ಷ್ಮೀದೇವಮ್ಮ ಎದ್ದು ಬಂದಳು. ಸೆಟ್ಟು ಆರಿಸಿ ವಾಲ್ವು ಕಿತ್ತುಕೊಡಿ ಎಂದಳು. ತಣಿದ ಮೇಲೆ ಒಂದೊಂದನ್ನೇ ತಲೆಕೆಳಗು ಮಾಡಿ ಬೆಳಕಿಗೆ ಹಿಡಿದಳು.

"ಚುಕ್ಕಿ ಇಲ್ಲ" ಎಂದಳು.

"ಏನ್ ಚುಕ್ಕಿ ತಾಯಿ?"

"ಉಗುರ್‌ಬಣ್ಣ ಸಾಮಿ. ಕೊಡೋಕ್ ಮುಂಚೆ ಎಲ್ಲಾದ್ರ ಬುಡದಾಗೂ ಒಂದೊಂದು ಚುಕ್ಕಿ ಇಟ್ಟಿದ್ದೆ, ಗುಲಾಬಿದು. ನಿಮ್ ಮ್ಯಾಲೆ ಅನುಮಾನ ಅಂತಲ್ಲ. ನಾವು ಕುಕ್ಕರ್ ಕೊಟ್ರೂ ಇಡ್ತೀವಿ."

ನನ್ನ ತಲೆಯಲ್ಲಿ ಲೆಕ್ಕ ಕ್ಷಣದಲ್ಲಿ ಕೂಡಿತು. ವಾಲ್ವು ಬದಲಾಗಿದೆ. ಬದಲಾದ್ದರಿಂದಲೇ ದನಿ ಸತ್ತಿದೆ. ನನ್ನ ಅಂಗಡಿ ಬಿಟ್ಟರೆ ಸೆಟ್ಟು ಹೋದದ್ದು ಒಂದೇ ಕಡೆ, ಮತ್ತು ಅವನು ವಾಲ್ವು ಮಾರುವವನು. ಇಷ್ಟು ವರ್ಷ ತೂಗಿ ತೂಗಿ ಸಿಗದೇ ಇದ್ದದ್ದು ಕೊನೆಗೂ ಸಿಕ್ಕಿತು ಎಂದು, ನಿಜ ಹೇಳಬೇಕೆಂದರೆ, ಸಂತೋಷವಾಯಿತು.

ನಮ್ಮ ನಾಲ್ಕು ತಾಲ್ಲೂಕಿನ ಮೆಕ್ಯಾನಿಕ್ಕುಗಳದ್ದು ಒಂದು ಫೋನ್ ಗ್ರೂಪ್ ಇದೆ. ಅದರಲ್ಲಿ ನಾನೇ ಹಿರಿಯ. ನಾಗಿರೆಡ್ಡಿ ದಂಪತಿ ಇನ್ನೂ ಅಂಗಡಿಯಲ್ಲಿ ಕೂತಿರುವಾಗಲೇ ನಾನು ಮಾತನ್ನು ರೆಕಾರ್ಡ್ ಮಾಡಿ ಗ್ರೂಪಿಗೆ ದನಿ ಹಾಕಿದೆ. "ಶಿರಾದ ಖಲೀಲನಿಗೆ ವಾಲ್ವು ಸಮೇತ ಸೆಟ್ಟು ಕಳಿಸಬೇಡಿ. ನಾನು ಕಳಿಸಿದವು ಬದಲಾಗಿ ಬಂದಿವೆ. ಗುರುತು ಇತ್ತು, ಈಗ ಇಲ್ಲ. ವಾಲ್ವನ್ನೇ ಬಿಡದವನು ಟ್ರಾನ್ಸ್‌ಫಾರ್ಮರಿನ ಒಳಗೆ ಏನು ಸುತ್ತುತ್ತಾನೋ ದೇವರೇ ಬಲ್ಲ." ಕೊನೆಯ ಮಾತು ಬೇಕಿರಲಿಲ್ಲ. ಆದರೆ ಬಾಯಿಂದ ಬಂದಿತ್ತು. ಖಲೀಲನೂ ಆ ಗ್ರೂಪಿನಲ್ಲೇ ಇದ್ದ. ಅವನು ಉತ್ತರ ಕೊಡುವುದಕ್ಕೆ ಮುಂಚೆ ಯಾರೋ ಅವನನ್ನು ತೆಗೆದುಹಾಕಿದರು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಖಲೀಲ್ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು. ಕೂತುಕೊ ಎಂದರೂ ಕೂರಲಿಲ್ಲ.

"ಅಣ್ಣ, ನನ್ನ ಕೇಳ್ಬೋದಿತ್ತಲ್ಲ. ಫೋನ್ ಇತ್ತಲ್ಲ."

"ಕೇಳಿದ್ರೆ ಹೌದು ಅಂತಿದ್ಯಾ?"

"ಪೆಟ್ಟಿಗೆಯ ಮೇಲಿನ ತಗಡನ್ನ ನಾನು ತೆಗೀಲೇ ಇಲ್ಲ ಅಣ್ಣ. ಕೆಳಗಿಂದ ಬಿಚ್ಚಿ ಟ್ರಾನ್ಸ್‌ಫಾರ್ಮರ್ ಹಾಕ್ದೆ. ವಾಲ್ವು ಮುಟ್ಟೇ ಇಲ್ಲ. ಖುದಾ ಕಸಮ್."

"ಮತ್ತೆ ಚುಕ್ಕಿ ಎಲ್ಲೋಯ್ತು?"

"ನನಗೇನ್ ಗೊತ್ತು ಅಣ್ಣ ಚುಕ್ಕಿ ವಿಷ್ಯ." ಅವನ ದನಿ ನಡುಗಿತು. "ನನ್ ಹತ್ರ ಇರೋದು ಇಜ್ಜತ್ ಒಂದೇ. ಅದನ್ನ ಇಂಗೆ ಎಲ್ರ ಮುಂದೆ ತೆಗೆದ್‌ಬುಟ್ರಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ನನಗೆ ನೆನಪಾಯಿತು. ತಪ್ಪಿಲ್ಲದವನು ಇಷ್ಟು ದೂರ ಓಡಿಬಂದು ಯಾಕೆ ನಡುಗುತ್ತಾನೆ ಎಂದುಕೊಂಡೆ. ಅವನು ಹೊರಟಾಗ ಬಾಗಿಲ ತನಕವೂ ಹೋಗಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಇನ್ನೂ ನಾಚಿಕೆಯದು. ನನ್ನ ದಾಸ್ತಾನಿನಲ್ಲಿ ಅದೇ ನಂಬರಿನ ವಾಲ್ವುಗಳಿದ್ದವು. ಅವನ್ನು ಹಾಕಿ ನೋಡಿದೆ. ದನಿ ಅಷ್ಟೇ ತೆಳ್ಳಗಿತ್ತು. ಬುದ್ಧಿಯಿರುವ ಯಾರಾದರೂ ಅಲ್ಲೇ ನಿಲ್ಲಿಸಿ, ತಪ್ಪು ವಾಲ್ವಿನಲ್ಲಿಲ್ಲ ಎನ್ನುತ್ತಿದ್ದರು. ನಾನೇನು ಅಂದುಕೊಂಡೆ ಗೊತ್ತೇ? ಇವನ್ನೂ ಹಿಂದೆ ಖಲೀಲನ ಹತ್ತಿರವೇ ತಂದದ್ದು, ಇವೂ ನಕಲಿ ಇರಬೇಕು ಎಂದು. ಅವನ್ನು ಕಿತ್ತು ಮೊದಲಿದ್ದವನ್ನೇ ಮತ್ತೆ ಕೂರಿಸಿದೆ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಅಳೆದೆ. ಸರಿಯಾಗಿತ್ತು. ಮೀಟರಿನ ಸೆಲ್ಲು ಹೋಗಿದೆಯೇನೋ ಎಂದು ಸೆಲ್ಲು ಬದಲಾಯಿಸಿ ಮತ್ತೆ ಅಳೆದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ನಾಗಿರೆಡ್ಡಿ ಸೆಟ್ಟುಗಳನ್ನು ನನ್ನಲ್ಲೇ ಬಿಟ್ಟು ಹೋದ. "ಎಡಗೈ ಬಂದ್ರೆ ಕರೀರಿ" ಎಂದ. ಅವು ಬೆಂಚಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತವು. ಅಷ್ಟರಲ್ಲಿ ಶಿರಾದ ಸುದ್ದಿ ಕಿವಿಗೆ ಬೀಳುತ್ತಿತ್ತು. ಖಲೀಲನಿಗೆ ಯಾರೂ ಸೆಟ್ಟು ಕಳಿಸುತ್ತಿಲ್ಲ. ಪಾವಗಡದವರು ಆಂಧ್ರದ ಕಡೆ ಕಳಿಸುತ್ತಿದ್ದಾರೆ, ಕೊರಟಗೆರೆಯವರು ತುಮಕೂರಿಗೆ. ಅವನು ಬೋರ್‌ವೆಲ್ ಮೋಟಾರುಗಳ ಕಾಯಿಲ್ ಸುತ್ತಿಕೊಂಡು ಕಾಲ ಹಾಕುತ್ತಿದ್ದಾನಂತೆ. ಆಗಲಿ ಎಂದುಕೊಂಡೆ.

ಒಂದು ದಿನ ಕೊರಟಗೆರೆಯಿಂದ ರಿಟೈರಾದ ಹೆಡ್‌ಮೇಡಮ್ಮೊಬ್ಬರು ಹೊಸ ಕಂಪನಿಯ ಪವರ್ ಆಂಪ್ ತಂದರು. ಅದರ ಒಂದು ಕಡೆಯ ದನಿ ನಿಂತಿತ್ತು. ಸರಿಮಾಡಿ, ಪರೀಕ್ಷೆಗೆ ಯಾವುದಾದರೂ ಪ್ರೀ-ಆಂಪ್ ಬೇಕಲ್ಲ ಎಂದು ಕೈಗೆ ಸಿಕ್ಕಿದ ನಾಗಿರೆಡ್ಡಿಯದನ್ನೇ ಜೋಡಿಸಿದೆ. ಅವನ ರೆಕಾರ್ಡೂ ಅಲ್ಲೇ ಇತ್ತು, ಹಾಕಿದೆ. ಮೃದಂಗದ ಎಡಗೈ ಬಂತು. ಬೆಂಚಿನ ಮೇಲಿನ ಸ್ಕ್ರೂ ಡಬ್ಬ ನಡುಗುವ ಹಾಗೆ ಬಂತು. ಒಳಗಿದ್ದದ್ದು ಖಲೀಲ್ ಬದಲಾಯಿಸಿದ ಎಂದು ನಾನು ಊರಿಗೆಲ್ಲ ಸಾರಿದ ಅದೇ ವಾಲ್ವುಗಳು.

ಮೇಡಮ್ಮು, "ಚೆನ್ನಾಗಿದೆ ಕಣ್ರೀ" ಎಂದರು. ನಾನು ಅದೇ ರೆಕಾರ್ಡನ್ನು ಮೊದಲಿನಿಂದ ಮತ್ತೆ ಹಾಕಿದೆ.

ಅವರು ಹೋದ ಮೇಲೆ ನಾನು ಕಟ್ಟಿದ ಪವರ್ ಆಂಪನ್ನು ಮೊದಲ ಸಲ ಬಿಚ್ಚಿ ಅಳೆದೆ. ಅಷ್ಟು ದಿನ ಅದನ್ನು ಮುಟ್ಟಿಯೇ ಇರಲಿಲ್ಲ. ನಾನು ಕಟ್ಟಿದ್ದಲ್ಲವೇ. ಅದರ ಒಳಬಾಯಿಯಲ್ಲಿ, ಅಂದರೆ ದನಿ ಒಳಗೆ ಹೋಗುವ ಕಡೆ, ಇದ್ದ ತಡೆ ಬರೀ ಹತ್ತು ಸಾವಿರ ಓಮ್. ಟ್ರಾನ್ಸಿಸ್ಟರ್ ಮಿಕ್ಸರುಗಳ ಕಾಲದಲ್ಲಿ ಕಟ್ಟಿದ್ದು, ಅವಕ್ಕೆ ಅದು ಸಾಕಾಗಿತ್ತು. ವಾಲ್ವಿನ ಕತೆ ಬೇರೆ. ಅದಕ್ಕೆ ವೋಲ್ಟೇಜ್ ಉಂಟು, ಕರೆಂಟ್ ಕೊಡುವ ತ್ರಾಣವಿಲ್ಲ. ಅದರಿಂದ ದನಿ ಹೊರಗೆ ಬರುವುದು ಒಂದು ಸಣ್ಣ ಕೆಪಾಸಿಟರಿನ ಮೂಲಕ. ಮುಂದಿನ ಆಂಪಿನ ಓಮ್ ಕಮ್ಮಿಯಿದ್ದು ಅದು ಕರೆಂಟ್ ಜಾಸ್ತಿ ಎಳೆಯತೊಡಗಿದರೆ ಆ ಕೆಪಾಸಿಟರ್ ತಗ್ಗಿನ ದನಿಯನ್ನು ಬಿಡುವುದಿಲ್ಲ, ಹೆಚ್ಚಿನ ದನಿ ಮಾತ್ರ ದಾಟುತ್ತದೆ. ಪ್ರೀ-ಆಂಪಿನ ಹೊರಬಾಯಿಯ ಓಮ್‌ಗಿಂತ ಪವರ್ ಆಂಪಿನ ಒಳಬಾಯಿಯ ಓಮ್ ಹತ್ತು ಪಟ್ಟಾದರೂ ಜಾಸ್ತಿ ಇರಬೇಕು. ಹೊಸಬರು ಇದೊಂದನ್ನು ತಿಳಿದುಕೊಂಡರೆ ಜೋಡಿಯ ಮುಕ್ಕಾಲು ತೊಂದರೆ ಹೋಯಿತು. ನನ್ನ ಆಂಪಿನ ಮುಂದೆ ಒಂದು ಚಿಕ್ಕ ಬಫರ್, ಅಂದರೆ ವಾಲ್ವಿನ ಮೇಲೆ ಭಾರ ಬೀಳದಂತೆ ನಡುವೆ ನಿಲ್ಲುವ ಸರ್ಕ್ಯೂಟು, ಕಟ್ಟಿ ಕೂರಿಸಿದೆ. ಒಂದು ಗಂಟೆಯ ಕೆಲಸ. ಎಡಗೈ ಅದರಲ್ಲೂ ಬಂತು.

ಉಳಿದದ್ದು ಚುಕ್ಕೆ. ವಾಲ್ವು ಅವೇ ಆದರೆ ಚುಕ್ಕೆ ಎಲ್ಲಿ ಹೋಯಿತು? ಸಂಜೆ ಮನೆಗೆ ಹೋಗಿ ಸೊಸೆಯ ಉಗುರುಬಣ್ಣ ಕೇಳಿದೆ. ಹಳೇ ವಾಲ್ವಿನ ಬುಡಕ್ಕೆ ಒಂದು ಚುಕ್ಕೆ ಇಟ್ಟು, ಚೆನ್ನಾಗಿ ಒಣಗಿಸಿ, ಹತ್ತಿಗೆ ಥಿನ್ನರ್ ಅದ್ದಿ ನಾನು ಪಿನ್ನು ಒರೆಸುವಂತೆಯೇ ಒಂದು ಸಲ ಒರೆಸಿದೆ. ಗಾಜು ಸ್ವಚ್ಛವಾಯಿತು, ಹತ್ತಿ ಗುಲಾಬಿಯಾಯಿತು. ಯಾರ ಕಣ್ಣಿಗೂ ಬೀಳಬಾರದು ಎಂದು ಆ ಹೆಂಗಸು ಬುಡದಲ್ಲಿ ಇಟ್ಟಿದ್ದಳು. ನಾನು ಒರೆಸುವುದೂ ಬುಡವನ್ನೇ. ಆವತ್ತು ಹತ್ತಿ ಗುಲಾಬಿಯಾದದ್ದನ್ನು ನಾನು ನೋಡಿಯೂ ಇದ್ದೆ. ಯಾವುದೋ ಹಳೇ ಬಣ್ಣ ಎಂದು ಬಿಸಾಕಿದ್ದೆ.

ನನ್ನ ಹೆಂಡತಿ ಗಂಗಮ್ಮ ಎಲ್ಲ ಕೇಳಿಸಿಕೊಂಡು, "ಕೋತಿ ತಾನ್ ಮೊಸರನ್ನ ತಿಂದು ಮೇಕೆ ಬಾಯಿಗೆ ಒರಸ್ತಂತೆ. ಅಂಗಾಯ್ತು ನಿಮ್ದು" ಎಂದಳು. ಅನ್ನ ಬಡಿಸಿದಳು. ನನಗೆ ಸೇರಲಿಲ್ಲ.

ನಾಗಿರೆಡ್ಡಿಯನ್ನೂ ಹೆಂಡತಿಯನ್ನೂ ಕರೆಸಿ ಕೇಳಿಸಿದೆ. ಅವನು ತೊಡೆಯ ಮೇಲೆ ತಾಳ ಹಾಕಿಕೊಂಡು ಪೂರ್ತಿ ರೆಕಾರ್ಡು ಕೇಳಿದ. ಆಮೇಲೆ ನಾನು ಚುಕ್ಕೆಯ ವಿಷಯ ಹೇಳಿದೆ. ಅವನು ತಲೆ ಅಲ್ಲಾಡಿಸಿ, "ಅನುಮಾನಂ ಪೆನುಭೂತಂ ಸಾಮಿ" ಎಂದ. ಅನುಮಾನವೇ ದೊಡ್ಡ ಭೂತ ಎಂದು ಅದರ ಅರ್ಥ. ಲಕ್ಷ್ಮೀದೇವಮ್ಮನ ಮುಖ ಚಿಕ್ಕದಾಯಿತು.

"ನಾನು ಯಾರ್ ಹೆಸ್ರೂ ಎತ್ತಿಲ್ಲ ಸಾಮಿ. ಚುಕ್ಕಿ ಇಲ್ಲ ಅಂದೆ, ಅಷ್ಟೇಯ. ಹೆಸ್ರು ನೀವ್ ಹೇಳಿದ್ದು."

ಅವರು ಸೆಟ್ಟುಗಳನ್ನು ಎತ್ತಿಕೊಂಡು ಹೋದರು. ಆಮೇಲಿನಿಂದ ಯಾವ ಸೆಟ್ಟನ್ನು ಕೈಗೆತ್ತಿಕೊಂಡರೂ, ಈ ಕೈ ಈಗ ಏನು ಒರೆಸಿಹಾಕಿತೋ ಎಂಬ ಭಯ. ಒಂದೇ ಸ್ಕ್ರೂವನ್ನು ಮೂರು ಸಲ ನೋಡುತ್ತಿದ್ದೆ. ಊರನ್ನೆಲ್ಲ ಅನುಮಾನಿಸಿದವನು ಕಡೆಗೆ ಬಂದು ಮುಟ್ಟಿದ್ದು ಇಲ್ಲಿಗೆ. ಅಂಗಡಿ ಮುಚ್ಚಿದ್ದು ಇದಕ್ಕೇ, ಕಣ್ಣಿಗಲ್ಲ.

ತಪ್ಪು ಒಪ್ಪಿಕೊಳ್ಳುವುದಕ್ಕೆ ನನಗೆ ಹನ್ನೊಂದು ದಿನ ಹಿಡಿಯಿತು. ದೂರು ಹೇಳುವುದಕ್ಕೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಗ್ರೂಪಿಗೆ ದನಿ ಹಾಕಿದೆ. ಥಿನ್ನರಿನ ವಿಷಯ, ಹತ್ತು ಸಾವಿರ ಓಮಿನ ವಿಷಯ, ಒಂದನ್ನೂ ಬಿಡದೆ ಹೇಳಿದೆ. ಖಲೀಲನದು ಎಳ್ಳಷ್ಟೂ ತಪ್ಪಿಲ್ಲ, ಅವನನ್ನು ಮತ್ತೆ ಸೇರಿಸಿಕೊಳ್ಳಿ, ಅವನಿಗೆ ಕೆಲಸ ಕಳಿಸಿ ಎಂದು ಬೇಡಿಕೊಂಡೆ. ಉತ್ತರಗಳು ಬಂದವು.

"ಅಣ್ಣ, ಯಾರಾರ ಪಕ್ದಲ್ಲಿ ಕೂತು ಹೇಳುಸ್ತಾವ್ರಾ?" ಎಂದು ಪಾವಗಡದವನೊಬ್ಬ ಕೇಳಿದ.

"ದೊಡ್ಡ ಮನ್ಸು ನಿಮ್ದು. ಅವನ್ನ ಉಳ್ಸಾಕೆ ನಿಮ್ ತಲೆ ಮ್ಯಾಲೆ ಹಾಕ್ಕಂಡ್ರಿ" ಎಂದ ಕೊರಟಗೆರೆಯವನು.

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದು ನನ್ನ ಹತ್ತಿರವೇ ಕೆಲಸ ಕಲಿತವನೊಬ್ಬ ಬರೆದ.

ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಲ್ಲರೂ ಮರ್ಯಾದೆಯಾಗಿ ಮಾತಾಡಿದರು. ಆಗಲಿ ಬುಡಣ್ಣ, ನೋಡಾಣ ಎಂದರು. ಯಾರೂ ಕಳಿಸಲಿಲ್ಲ. ನಾನು ಒಂದು ಸಲ ಸುಳ್ಳು ಹೇಳಿದಾಗ ಕಣ್ಣು ಮುಚ್ಚಿ ನಂಬಿದವರು, ನಿಜ ಹೇಳಿದಾಗ ಮೀಟರ್ ಇಟ್ಟು ನೋಡಿದರು.

ಶಿರಾಕ್ಕೆ ಹೋದೆ. ಖಲೀಲನ ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಮಿಷನ್ನಿನ ಮೇಲೆ ಹಳೇ ಚಾದರ ಮುಚ್ಚಿತ್ತು. ಅವನು ನೆಲದಲ್ಲಿ ಕೂತು ಒಂದು ಮೋಟಾರಿನ ಸುಟ್ಟ ತಂತಿ ಕೀಳುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಕೈ ನಿಲ್ಲಿಸಿ ಕೇಳಿಸಿಕೊಂಡ.

"ಮಾಫ್ ಮಾಡು ಖಲೀಲ" ಎಂದೆ.

"ಮಾಫ್ ಮಾಡೋದೇನ್ ದೊಡ್ಡದಲ್ಲ ಅಣ್ಣ. ಮಾಡ್ದೆ. ಕೂತ್ಕೊಳಿ." ಮೋಟಾರಿನ ಇನ್ನೊಂದು ತಂತಿ ಕಿತ್ತು, "ಆದ್ರೆ ಕೆಲ್ಸ ಕೊಡ್ಬೇಕಾದೋರು ನೀವೊಬ್ರೇ ಅಲ್ವಲ್ಲ" ಎಂದ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಒಂದು ಯೋಚನೆ ಬಂತು. ಮಾತಿನಿಂದ ಕೆಟ್ಟದ್ದು ಮಾತಿನಿಂದ ಸರಿಹೋಗುವುದಿಲ್ಲ, ಜನ ಕಣ್ಣಿಂದ ನೋಡಬೇಕು. ಅನುಮಾನದ ರುದ್ರಯ್ಯನೇ ಖಲೀಲನ ಅಂಗಡಿಯಲ್ಲಿ ಕೂತಿದ್ದಾನೆ, ಅವನ ಜೊತೆ ಚಹಾ ಕುಡಿಯುತ್ತಿದ್ದಾನೆ ಎಂದು ನಾಲ್ಕು ಜನ ನೋಡಿದರೆ ತಾನಾಗಿ ನಂಬಿಕೆ ಬರುತ್ತದೆ. ಹೇಗೂ ಅಂಗಡಿ ಮುಚ್ಚಿದ್ದೆ, ಹೊತ್ತು ಬೇಕಾದಷ್ಟಿತ್ತು. ಪ್ರತಿ ಸೋಮವಾರ, ಗುರುವಾರ ಬೆಳಿಗ್ಗೆಯ ಬಸ್ಸಿಗೆ ಶಿರಾಕ್ಕೆ ಹೋಗಿ, ಅವನ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು, ಬೀದಿಗೆ ಕಾಣುವಂತೆ ಮಧ್ಯಾಹ್ನದ ತನಕ ಕೂರುತ್ತಿದ್ದೆ. ಖಲೀಲ್ ಬೇಡ ಎನ್ನಲಿಲ್ಲ. ಹಾಗೆ ಒಂದು ತಿಂಗಳು ಕಳೆಯಿತು. ಜನ ಬರತೊಡಗಿದರು. ಒಂದೆರಡು ಆಂಪ್ಲಿಫೈಯರುಗಳೂ ಬಂದವು. ಮಿಷನ್ನಿನ ಮೇಲಿನ ಚಾದರ ತೆಗೆದಾಯಿತು. ನಾನು ಗೆದ್ದೆ ಎಂದುಕೊಂಡೆ.

ಒಂದು ಗುರುವಾರ ಬರಗೂರಿನ ಕಡೆಯವನೊಬ್ಬ ಹಳೇ ಮೈಕ್‌ಸೆಟ್ ಹೊತ್ತು ತಂದ. ಖಲೀಲನಿಗೆ ಕೊಡುವಾಗ ನನ್ನನ್ನು ಗುರುತು ಹಿಡಿದು ನಕ್ಕ.

"ಏನ್ ರುದ್ರಯ್ಯನೋರೆ, ನಿಮ್ಮನ್ನ ಇಲ್ಲಿ ಕಾವ್ಲಿಗೆ ಕೂರ್ಸವ್ರಂತೆ? ಒಳ್ಳೇದಾಯ್ತು ಬುಡಿ. ಮೆಕ್ಯಾನಿಕ್ಕುಗಳೆಲ್ಲ ಅದೇ ಮಾತಾಡ್ತಾವ್ರೆ. ರುದ್ರಯ್ಯ ಕಣ್ಣಿಟ್ಟವ್ರೆ, ಇನ್ ಮ್ಯಾಲೆ ಧೈರ್ಯವಾಗಿ ಕೊಡ್ಬೋದು ಅಂತ. ಸೋಮ್ವಾರ, ಗುರ್ವಾರ ಮಾತ್ರ ಇರ್ತೀರಂತಲ್ಲ, ಅದ್ಕೇ ಇವತ್ ತಂದೆ."

ಅವನು ಸೆಟ್ಟು ಇಳಿಸಿ ಹೋದ. ಖಲೀಲ್ ತಲೆ ಎತ್ತದೆ ಚೀಟಿ ಬರೆದು ಸೆಟ್ಟಿಗೆ ಕಟ್ಟಿದ. ಎದುರಿನ ಹೋಟೆಲಿನಿಂದ ತಾನೇ ಹೋಗಿ ಎರಡು ಚಹಾ ತಂದು ಒಂದನ್ನು ನನ್ನ ಕೈಗೆ ಕೊಟ್ಟ.

"ಅಣ್ಣ, ಇನ್ಮೇಲೆ ಬರ್ಬೇಡಿ" ಎಂದ.

"ಕೆಲ್ಸ ಬರ್ತಾ ಇದೆಯಲ್ಲ ಖಲೀಲ. ನಾನು ನಿಲ್ಸಿದ್ರೆ ಮತ್ತೆ ನಿಂತ್ರೆ?"

"ನಿಂತ್ರೆ ನಿಲ್ಲಲಿ. ನೀವು ಇಲ್ಲಿ ಕೂತಷ್ಟು ದಿನ ನಾನು ಕಳ್ಳನೇ ಅಣ್ಣ." ಅವನ ದನಿಯಲ್ಲಿ ಕೋಪವಿರಲಿಲ್ಲ. "ಚಾಯ್ ಆರ್ತದೆ, ಕುಡೀರಿ."

ಕುಡಿದೆ. ಲೋಟ ಅವನ ಕೈಗೆ ಕೊಟ್ಟೆ. ಸ್ಟೂಲನ್ನು ಒಳಗಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಮಧುಗಿರಿಯ ಬಸ್ಸು ಹೊರಡುವುದರಲ್ಲಿತ್ತು, ಹತ್ತಿದೆ. ಆಮೇಲೆ ನಾನು ಶಿರಾಕ್ಕೆ ಹೋಗಿಲ್ಲ. ಅವನಿಗೆ ಕೆಲಸ ಬರುತ್ತಿದೆಯೋ ಇಲ್ಲವೋ ಯಾರನ್ನೂ ಕೇಳಿಲ್ಲ. ನಾನು ಕೇಳಿದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆ.